ಸಾಲ ಇಲ್ಲಿ, ಕಟಕಟೆ ಕೋಲ್ಕತ್ತಾದಲ್ಲಿ!



ಹಳಿಯಾಳದ ಕೋರ್ಟಿಗೆ ಒಂದು ತಾರೀಖಿಗೆ ಹೋದರೆ ಒಂದು ದಿನದ ಹೊಲದ ಕೆಲಸ ಕೆಟ್ಟಂತೆ. ವಕೀಲರ ಫೀ ಬೇರೆ. ಆದರೂ ಅದು ನಮ್ಮ ತಾಲ್ಲೂಕಿನ ಕೋರ್ಟು. ಕನ್ನಡದಲ್ಲಿ ನಮ್ಮ ಅಹವಾಲು ಹೇಳಬಹುದು, ಸಂಜೆ ಬಸ್ಸಿಗೆ ಮನೆ ಸೇರಬಹುದು. ಇದನ್ನೂ ನಮ್ಮಿಂದ ಕಸಿಯುವ ದಾರಿ ತೆರೆದಿದೆ.

2018ರ ನವೆಂಬರಿನಲ್ಲಿ ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ ಏನಾಯ್ತು? ಆಕ್ಸಿಸ್ ಬ್ಯಾಂಕಿನ ಸಾಲ ತೀರಿಸಲಾಗದ ನೂರಕ್ಕೂ ಹೆಚ್ಚು ರೈತರ ಮೇಲೆ ಬಂಧನದ ವಾರಂಟು ಬಂತು. ಎಲ್ಲಿಂದ? ಕೋಲ್ಕತ್ತಾ ಕೋರ್ಟಿನಿಂದ! ಎಲ್ಲಿ ಐತ್ರೀ ಕೋಲ್ಕತ್ತಾ? ಸರ್ಕಾರ ನಡುವೆ ಬಂದ ಮೇಲಷ್ಟೇ ಬ್ಯಾಂಕು ಕೇಸು ಹಿಂತೆಗೆಯಲು ಒಪ್ಪಿತು.

ಸಿವಿಲ್ ಪ್ರಕ್ರಿಯಾ ಸಂಹಿತೆ ಏನನ್ನುತ್ತದೆ? ಭೂಮಿ ಅಡವಿನ ದಾವೆ ಭೂಮಿ ಇರುವ ಕಡೆಯೇ ನಡೆಯಬೇಕು. ಇದು 16ನೇ ಕಲಮು. ಉಳಿದ ಸಾಲದ ದಾವೆ ಸಾಲಗಾರ ವಾಸವಿರುವ ಕಡೆ, ಇಲ್ಲವೇ ವ್ಯವಹಾರ ನಡೆದ ಕಡೆ. ಇದು 20ನೇ ಕಲಮು. ರೈತನ ಬದುಕಿಗೆ ಬೇಕಾದ ನೇಗಿಲು, ಎತ್ತು, ಬಿತ್ತನೆ ಬೀಜ ಜಪ್ತಿ ಮಾಡಕೂಡದು. ಇದು 60ನೇ ಕಲಮು.

ಸಾಲ ಕೊಟ್ಟವರಿಗೆ ಈ ನೇರ ದಾರಿ ಬೇಡ. ಅದಕ್ಕೇ ಸಹಿ ಹಾಕಿದ ಖಾಲಿ ಚೆಕ್ಕು ಮೊದಲೇ ಇಸಿದುಕೊಳ್ಳುತ್ತಾರೆ. ಚೆಕ್ಕು ವಾಪಸಾಯಿತೋ, ಸಾಲಗಾರ ಅಪರಾಧಿ! ಚೆಕ್ಕು ಕೊಟ್ಟವನ ಬ್ಯಾಂಕು ಇರುವ ಊರಲ್ಲೇ ಕೇಸು ನಡೆಯಲಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2015ರಲ್ಲಿ ಕಾಯ್ದೆ ತಿದ್ದಿ, ಹಣ ಪಡೆಯುವವನ ಖಾತೆ ಇರುವ ಶಾಖೆಯ ಊರಿಗೆ ಕೇಸು ಒಯ್ದರು. ಬ್ಯಾಂಕೇ ಹಣ ಪಡೆಯುವವನಾದರೆ? ಖಾತೆ ಎಲ್ಲಿಡಬೇಕೆಂಬುದು ಅದರ ಮರ್ಜಿ! ಆ ಕೇಸನ್ನು ನಮ್ಮ ರಾಜ್ಯಕ್ಕೆ ವರ್ಗ ಮಾಡಿಸಬೇಕೆಂದರೆ ದಿಲ್ಲಿಯ ಸುಪ್ರೀಂ ಕೋರ್ಟಿಗೇ ಅರ್ಜಿ ಹಾಕಬೇಕು. ಕೋಲ್ಕತ್ತಾ ತಪ್ಪಿಸಲು ದಿಲ್ಲಿ!

ಇನ್ನು ನಮ್ಮ ಬಾಕಿಯ ಮಾತು. ಕಬ್ಬಿನ ಹಣ 14 ದಿನದೊಳಗೆ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಬಾಕಿ ಉಳಿಸಿದ ಕಾರ್ಖಾನೆ ಮಾಲೀಕನ ಮನೆಗೆ ವಾರಂಟು ಹೋದದ್ದನ್ನು ನೀವು ಕಂಡಿದ್ದೀರಾ?

1980ರ ದಶಕದಲ್ಲಿ ರೈತ ಸಂಘ ಊರ ಬಾಗಿಲಲ್ಲಿ ಬೋರ್ಡು ನೆಟ್ಟು ವಸೂಲಿ ಜೀಪು ತಡೆಯಿತು. ದೂರದ ಕೋರ್ಟಿನ ವಾರಂಟು ಬೋರ್ಡು ಓದುವುದಿಲ್ಲ. ಅದನ್ನು ಕಾಯ್ದೆಯಲ್ಲೇ ತಡೆಯಬೇಕು. ಬೆಳೆಸಾಲದ ಚೆಕ್ಕಿನ ಕೇಸು ಹೊಲ ಇರುವ ತಾಲ್ಲೂಕಿನ ಕೋರ್ಟಿನಲ್ಲೇ ನಡೆಯಬೇಕು: ಇದು ನಮ್ಮ ಹಕ್ಕೊತ್ತಾಯ. ಮತ ಕೇಳಲು ಬಂದವರ ಮುಂದೆ ಇದನ್ನೇ ಇಡಿ.

ಅಲ್ಲಿಯವರೆಗೆ ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ನೋಟೀಸು ಬಂದರೆ ಗೂಟಕ್ಕೆ ಸಿಗಿಸಿ ಮರೆಯಬೇಡಿ. ಹಣ ಕಟ್ಟಲು ಕಾಯ್ದೆ ಕೊಡುವ ಗಡುವು 15 ದಿನ. ಅಂದೇ ಸಂಘಕ್ಕೆ ತಿಳಿಸಿ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಒಬ್ಬೊಬ್ಬರೇ ಕೋಲ್ಕತ್ತಾದ ರೈಲು ಹತ್ತುವ ಮುಂಚೆ ಎಲ್ಲರೂ ಒಟ್ಟಾಗಿ ಹಳಿಯಾಳದಲ್ಲಿ ಸೇರೋಣ.