ಕಾರಿನ ಎತ್ತರ, ಟೈರಿನ ಆಯುಷ್ಯ

ಬಾದಾಮಿಯ ಬನಶಂಕರಿ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿಗಳು ಬರುವುದುಂಟು. ಚಕ್ಕಡಿಯಲ್ಲಿ ಮನೆಮಂದಿಯೆಲ್ಲ ಏರಿ ಕುಳಿತರೂ, ಅದು ಬರಿದಾಗಿ ಹಿಂದಿರುಗಿದರೂ ಗಾಲಿಗಳ ನಿಲುವಿನಲ್ಲಿ ವ್ಯತ್ಯಾಸವಾಗದು. ಎರಡು ಗಾಲಿಗಳೂ ಒಂದೇ ಅಚ್ಚಿನ ಎರಡು ತುದಿಗಳಿಗೆ ಸೇರಿರುವುದರಿಂದ, ಭಾರ ಹೆಚ್ಚಲಿ ಕಡಿಮೆಯಾಗಲಿ, ಅವು ನೆಲದ ಮೇಲೆ ನಿಂತಂತೆಯೇ ನಿಂತಿರುತ್ತವೆ. ಅದೇ ಜಾತ್ರೆಗೆ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬರುವ ವಿದ್ಯುತ್ ಕಾರಿನ ಮಾತು ಹೀಗಲ್ಲ. ಅದರ ಗಾಲಿಗಳು, ಅದರಲ್ಲೂ ಬೆಲೆಬಾಳುವ ಕಾರುಗಳಲ್ಲಿ ನಾಲ್ಕಕ್ಕೆ ನಾಲ್ಕೂ, ಪ್ರತ್ಯೇಕವಾದ ಉಕ್ಕಿನ ತೋಳುಗಳ ಆಧಾರದಲ್ಲಿ ನಿಂತಿರುತ್ತವೆ. ಕಾರಿನ ಮೈ ತಗ್ಗಿದರೆ ತೋಳುಗಳ ಓರೆ ಬದಲಾಗುತ್ತದೆ; ತೋಳುಗಳೊಡನೆ ಗಾಲಿಯ ನಿಲುವೂ ಬದಲಾಗುತ್ತದೆ. ಆ ಬದಲಾವಣೆ ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಅದರ ಬೆಲೆಯನ್ನು ಟೈರು ತೆರುತ್ತದೆ.

ಚಾಲಕನ ಇಚ್ಛೆಗೆ ತಕ್ಕಂತೆ ಕಾರಿನ ಎತ್ತರವನ್ನು ಏರಿಸಿ ಇಳಿಸುವ ಏರ್ಪಾಡು ನಿನ್ನೆ ಮೊನ್ನೆಯದಲ್ಲ. 1955ರಲ್ಲಿ ಫ್ರಾನ್ಸಿನ ಸಿಟ್ರೋಯೆನ್ ಸಂಸ್ಥೆ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಮುಂದಿಟ್ಟ ಡಿಎಸ್ ಎಂಬ ಕಾರಿನಲ್ಲಿ ಸಾಮಾನ್ಯ ಉಕ್ಕಿನ ಸ್ಪ್ರಿಂಗುಗಳ ಬದಲು ಎಣ್ಣೆ ಮತ್ತು ಸಾರಜನಕ ಅನಿಲಗಳನ್ನು ತುಂಬಿದ ಗೋಳಗಳಿದ್ದವು. ಒಳಗಿದ್ದ ಹಿಡಿಕೆಯೊಂದನ್ನು ಸರಿಸಿದರೆ ಕಾರು ಮೇಲಕ್ಕೇಳುತ್ತಿತ್ತು, ಇಲ್ಲವೇ ಕೆಳಗಿಳಿಯುತ್ತಿತ್ತು. ಇಂದಿನ ವಿದ್ಯುತ್ ಕಾರುಗಳಲ್ಲಿ ಈ ಕೆಲಸವನ್ನು ಗಾಳಿ ಮಾಡುತ್ತದೆ. 2012ರಲ್ಲಿ ಅಮೆರಿಕದಲ್ಲಿ ಹೊರಬಂದ ಟೆಸ್ಲಾ ಮಾಡೆಲ್ ಎಸ್ ಕಾರಿಗೆ ಗಾಳಿಯ ಸ್ಪ್ರಿಂಗನ್ನು ಕೊಡಲಾಯಿತು. 2022ರಿಂದ ಪುಣೆಯ ಬಳಿಯ ಚಾಕಣದಲ್ಲಿ ಜೋಡಿಸಲ್ಪಟ್ಟ ಮರ್ಸಿಡಿಸ್ ಇಕ್ಯೂಎಸ್ ಕಾರಿನಲ್ಲಿಯೂ ಇದೇ ವ್ಯವಸ್ಥೆಯಿದೆ. ಗಾಲಿಯ ಬಳಿ ಗಟ್ಟಿ ರಬ್ಬರಿನ ಗಾಳಿಚೀಲ, ಅದಕ್ಕೆ ಗಾಳಿಯನ್ನೊತ್ತುವ ಪಂಪು, ಎತ್ತರವನ್ನು ಅಳೆದು ತಿಳಿಸುವ ಸಣ್ಣ ಸಾಧನಗಳು, ಇವೆಲ್ಲಕ್ಕೂ ಅಪ್ಪಣೆ ಕೊಡುವ ಒಂದು ಕಂಪ್ಯೂಟರು. ಇಷ್ಟೇ ಇದರ ಪರಿವಾರ. ಚೀಲಕ್ಕೆ ಗಾಳಿ ತುಂಬಿದರೆ ಕಾರು ಏರುತ್ತದೆ, ಗಾಳಿ ಬಿಟ್ಟರೆ ಇಳಿಯುತ್ತದೆ. ನಗರದ ತಗ್ಗುನೆಲದ ಬಸ್ಸು ನಿಲ್ದಾಣದಲ್ಲಿ ನಿಟ್ಟುಸಿರು ಬಿಟ್ಟು ಬಾಗಿಲಿನ ಕಡೆಗೆ ಬಾಗುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಳಿಸುವ ಆಸೆಗೆ ಕಾರಣವಿಲ್ಲದಿಲ್ಲ. ಕಾರು ನೆಲಕ್ಕೆ ಹತ್ತಿರವಾದಷ್ಟೂ ಗಾಳಿಯ ತಡೆ ಕಡಿಮೆ; ತಡೆ ಕಡಿಮೆಯಾದಷ್ಟೂ ಒಂದು ಸಲ ತುಂಬಿದ ವಿದ್ಯುತ್ತಿನಲ್ಲಿ ಹೋಗಬಹುದಾದ ದೂರ ಹೆಚ್ಚು. ಮುಂದಿನ ಊರಿನಲ್ಲಿ ಚಾರ್ಜಿಂಗ್ ಸಿಕ್ಕೀತೋ ಇಲ್ಲವೋ ಎಂಬ ಅಳುಕು ವಿದ್ಯುತ್ ಕಾರಿನ ಒಡೆಯನನ್ನು ಸದಾ ಕಾಡುತ್ತಿರುವುದರಿಂದ, ಈ ಲಾಭ ಅವನ ಮನಸ್ಸನ್ನು ಸುಲಭವಾಗಿ ಸೆಳೆಯುತ್ತದೆ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯತಕ್ಕದ್ದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇರುವ ತಡೆಗೆ ನಾಲ್ಕು ಪಾಲು ತಡೆ 80ರಲ್ಲಿ ಎದುರಾಗುತ್ತದೆ. ಆದುದರಿಂದ ಇಳಿಸಿದ ಎತ್ತರದ ಪ್ರಯೋಜನವೆಲ್ಲ ಹೆದ್ದಾರಿಯಲ್ಲಿಯೇ ಹೊರತು ಊರೊಳಗಿನ ನಿಧಾನದ ಓಡಾಟದಲ್ಲಿ ಅಲ್ಲ.

ಇನ್ನು ನಷ್ಟದ ಲೆಕ್ಕ. ಕಾರಿನ ಮೈ ಇಳಿದಾಗ ಗಾಲಿಯ ನಿಲುವಿನಲ್ಲಿ ಎರಡು ಬದಲಾವಣೆಗಳಾಗುತ್ತವೆ. ಮೊದಲನೆಯದಾಗಿ, ಗಾಲಿಯ ಮೇಲ್ತುದಿ ಸಾಮಾನ್ಯವಾಗಿ ಒಳಮುಖವಾಗಿ ವಾಲುತ್ತದೆ. ಗ್ಯಾರೇಜಿನವರು ಇದನ್ನು ಕ್ಯಾಂಬರ್ ಎನ್ನುತ್ತಾರೆ. ಹೀಗೆ ವಾಲಿದ ಟೈರಿನ ಒಳ ಅಂಚಿನ ಮೇಲೆ ಹೆಚ್ಚು ಭಾರ ಬೀಳುತ್ತದೆ. ಎರಡನೆಯದಾಗಿ, ಗಾಲಿ ನೇರವಾಗಿ ಮುಂದಕ್ಕೆ ನೋಡುವುದನ್ನು ಬಿಟ್ಟು ಕೂದಲೆಳೆಯಷ್ಟು ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಇದಕ್ಕೆ ಟೋ ಎಂದು ಹೆಸರು. ಅನೇಕರು ದೋಷವನ್ನೆಲ್ಲ ಕ್ಯಾಂಬರಿನ ತಲೆಗೆ ಕಟ್ಟುತ್ತಾರೆ. ಟೈರನ್ನು ಹೆಚ್ಚಾಗಿ ತಿನ್ನುವುದು ಟೋ; ಸವೆತ ಯಾವ ಅಂಚಿನಲ್ಲಿ ಆಗಬೇಕೆಂಬುದನ್ನು ತೀರ್ಮಾನಿಸುವುದು ಕ್ಯಾಂಬರ್.

ಟೋ ಎಷ್ಟು ತಿನ್ನುತ್ತದೆಂಬುದನ್ನು ಶಾಲೆಯ ಗಣಿತದಿಂದಲೇ ತಿಳಿಯಬಹುದು. ಗಾಲಿಯೊಂದು ತನ್ನ ದಾರಿಯಿಂದ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಮಾತ್ರ ಓರೆಯಾಗಿದೆಯೆಂದು ಇಟ್ಟುಕೊಂಡರೆ, ಪ್ರತಿ ಕಿಲೋಮೀಟರಿಗೆ ಅದು ಸುಮಾರು 1.75 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡು ಹೋದುದಕ್ಕೆ ಸಮನಾಗುತ್ತದೆ. ಬೆಂಗಳೂರಿನಿಂದ ಬಾದಾಮಿಗೆ ಸುಮಾರು 450 ಕಿಲೋಮೀಟರು. ಬನಶಂಕರಿಯ ದರ್ಶನಕ್ಕೆ ಹೊರಟ ಸಂಸಾರ ಗುಡಿಯ ಮುಂದೆ ಇಳಿಯುವ ಹೊತ್ತಿಗೆ, ಆ ಟೈರು ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ದೂರ ಡಾಂಬರಿನ ಮೇಲೆ ಅಡ್ಡಲಾಗಿ ತಿಕ್ಕಿಸಿಕೊಂಡಂತಾಯಿತು. ಮರಳಿ ಹೋಗುವ ದಾರಿಯ ಲೆಕ್ಕ ಬೇರೆ. ಇಳಕಲ್ಲಿನ ನೇಕಾರನಿಗೆ ಈ ಮಾತು ಹೊಸದೆನಿಸದು. ಮಗ್ಗದಲ್ಲಿ ಒಂದು ಬದಿಯ ಹಾಸು ಎಳೆಯಷ್ಟು ಸಡಿಲಾದರೆ ಆ ಗಳಿಗೆಯಲ್ಲಿ ಏನೂ ತೋರದು. ಸೀರೆ ಮಗ್ಗದಿಂದ ಇಳಿದ ಮೇಲೆ ತೋರುತ್ತದೆ.

ಪೆಟ್ರೋಲ್ ಕಾರಿಗೂ ಈ ನಿಯಮ ತಪ್ಪಿದ್ದಲ್ಲ. ಆದರೆ ವಿದ್ಯುತ್ ಕಾರಿನಲ್ಲಿ ಅದರ ಪೆಟ್ಟು ಜೋರಾಗಿ ಬೀಳುತ್ತದೆ. ದೊಡ್ಡ ವಿದ್ಯುತ್ ಕಾರಿನ ಬ್ಯಾಟರಿಯೊಂದೇ ನಾಲ್ಕೈದು ಕ್ವಿಂಟಲ್ ತೂಗುತ್ತದೆ. ಜೋಳದ ಚೀಲಗಳನ್ನು ಸದಾ ಹೊತ್ತುಕೊಂಡೇ ತಿರುಗಿದಂತೆ. ಇದರ ಮೇಲೆ, ವಿದ್ಯುತ್ ಮೋಟಾರು ನಿಂತ ನೆಲದಿಂದಲೇ ತನ್ನ ಪೂರ್ಣ ಬಲವನ್ನು ಗಾಲಿಗೆ ಕೊಡಬಲ್ಲದು. ವೇಗವನ್ನು ತಗ್ಗಿಸುವಾಗಲೂ ಅದೇ ಮೋಟಾರು ವಿದ್ಯುತ್ತನ್ನು ಮರಳಿ ಪಡೆಯಲೆಂದು ಗಾಲಿಯನ್ನು ತಡೆಯುತ್ತದೆ. ಹೀಗೆ ಹೋಗುವಾಗಲೂ ನಿಲ್ಲುವಾಗಲೂ ಅದೇ ಟೈರು ದುಡಿಯುತ್ತದೆ. ಭಾರ ಹೆಚ್ಚು, ಬಲ ಹೆಚ್ಚು, ಜೊತೆಗೆ ನಿಲುವು ಓರೆ. ಈ ಮೂರೂ ಕೂಡಿದಾಗ ಒಳ ಅಂಚು ಬೇಗ ಬರಿದಾಗುವುದರಲ್ಲಿ ಆಶ್ಚರ್ಯವೇನಿದೆ?

ಇದರಲ್ಲಿ ಅಪಾಯಕರವಾದ ಸಂಗತಿಯೆಂದರೆ, ಒಳ ಅಂಚು ಯಾರ ಕಣ್ಣಿಗೂ ಬೀಳದಿರುವುದು. ಹುನಗುಂದದ ರಸ್ತೆಬದಿಯ ಪಂಕ್ಚರ್ ಅಂಗಡಿಯಲ್ಲಿ ಎಂದಾದರೊಂದು ದಿನ ನಡೆಯಬಹುದಾದ ಸಂಭಾಷಣೆಯನ್ನು ವಾಚಕರು ಊಹಿಸಿಕೊಳ್ಳಬಹುದು.

“ಟೈರು ಹೊಸದಪ್ಪ, ಮೊಳೆ ಕಿತ್ತು ಪಂಕ್ಚರ್ ಹಾಕಿದರೆ ಸಾಕು” ಎನ್ನುತ್ತಾರೆ ಬೆಂಗಳೂರಿನ ಯಜಮಾನರು.

“ಹೊರಗ ಹೊಸಾದ ಐತ್ರಿ ಸಾಹೇಬ್ರ. ಒಳಗ ಒಮ್ಮಿ ಕೈ ಆಡಿಸಿ ನೋಡ್ರಿ. ತಂತಿ ಹೊರಗ ಬಂದೈತಿ” ಎನ್ನುತ್ತಾನೆ ಅಂಗಡಿಯವನು.

ಹಿಂದಿನ ಆಸನದಲ್ಲಿ ಮಕ್ಕಳು ಅಮೀನಗಡದ ಕರದಂಟಿನ ಪೊಟ್ಟಣವನ್ನು ಬಿಚ್ಚುತ್ತಿರುತ್ತಾರೆ. ಅಜ್ಜಿಗೆ ಕೂಡಲಸಂಗಮವನ್ನು ಕತ್ತಲಾಗುವ ಮುನ್ನ ನೋಡಬೇಕೆಂಬ ಆಸೆ. ಅಷ್ಟು ಹೊತ್ತೂ ಅವರೆಲ್ಲರ ಪ್ರಾಣ ಆ ನಾಲ್ಕು ಬೆರಳಗಲದ ರಬ್ಬರಿನ ಮೇಲೆ ನಿಂತಿತ್ತೆಂಬುದು ಆ ಮೊಳೆಯ ಕೃಪೆಯಿಂದ ತಿಳಿಯಿತು. ಮೊಳೆ ಚುಚ್ಚದಿದ್ದರೆ ತಿಳಿಯುವ ಬಗೆ ಬೇರೆಯಾಗುತ್ತಿತ್ತು. ಬಾಗಲಕೋಟೆಯ ಸೀಮೆಯ ಬೇಸಗೆಯಲ್ಲಿ ಡಾಂಬರು ಕಾದ ಹೆಂಚಾಗುತ್ತದೆ. ತಂತಿ ಕಂಡ ಟೈರು ಆ ಕಾವಿನಲ್ಲಿ, ತುಂಬಿದ ಭಾರದೊಡನೆ, ಹೆದ್ದಾರಿಯ ವೇಗದಲ್ಲಿ ಸಿಡಿದರೆ ಚಾಲಕನ ಜಾಣ್ಮೆ ಕೆಲಸಕ್ಕೆ ಬರುವುದು ಕಷ್ಟ. ಮಳೆಗಾಲದಲ್ಲಿಯೂ ಹಾಗೆಯೇ, ನೀರನ್ನು ಹೊರಚೆಲ್ಲುವ ತೋಡುಗಳು ಒಳಬದಿಯಲ್ಲಿ ಮಾಯವಾಗಿದ್ದರೆ ಟೈರು ನೀರಿನ ಮೇಲೆ ಜಾರುತ್ತದೆ. ಸಾಲದುದಕ್ಕೆ, ಅನೇಕ ವಿದ್ಯುತ್ ಕಾರುಗಳಲ್ಲಿ ಹೆಚ್ಚಿನ ಗಾಲಿಯೇ ಇರುವುದಿಲ್ಲ. ಪಂಕ್ಚರ್ ಮುಚ್ಚುವ ಸಾಮಗ್ರಿಯ ಪೆಟ್ಟಿಗೆಯೊಂದನ್ನು ಕೊಟ್ಟಿರುತ್ತಾರೆ. ಮೊಳೆಯ ತೂತಿಗೆ ಅದು ಸಾಕು. ಹರಿದ ಅಂಚಿಗೆ ಅದರಿಂದ ಉಪಯೋಗವಿಲ್ಲ.

ಹಾಗೆಂದು ಗಾಳಿಯ ಸ್ಪ್ರಿಂಗನ್ನೇ ದೂರುವುದು ನ್ಯಾಯವಲ್ಲ. ಅದರಲ್ಲಿ ಒಂದು ದೊಡ್ಡ ಗುಣವಿದೆ. ಉಕ್ಕಿನ ಸ್ಪ್ರಿಂಗಿನ ಕಾರು ಐದು ಮಂದಿಯೂ ಅವರ ಗಂಟುಮೂಟೆಯೂ ಏರಿದೊಡನೆ ಹಿಂಬದಿಗೆ ಕುಸಿಯುತ್ತದೆ. ಗಾಳಿಯ ಸ್ಪ್ರಿಂಗಿನ ಕಾರು ಭಾರವನ್ನರಿತು ಚೀಲಕ್ಕೆ ಇನ್ನಷ್ಟು ಗಾಳಿ ತುಂಬಿಕೊಂಡು ಗೊತ್ತಾದ ಎತ್ತರದಲ್ಲಿಯೇ ನಿಲ್ಲುತ್ತದೆ. ಗಾಲಿಯ ನಿಲುವೂ ಕೆಡುವುದಿಲ್ಲ. ಎಂದರೆ, ಎತ್ತರವನ್ನು ಕಾಯ್ದುಕೊಳ್ಳಲು ಬಳಸಿದಾಗ ಈ ಯಂತ್ರ ಟೈರಿನ ಮಿತ್ರ. ಚೆಂದಕ್ಕಾಗಿಯೋ ನಾಲ್ಕು ಕಿಲೋಮೀಟರ್ ಹೆಚ್ಚಿನ ಓಟಕ್ಕಾಗಿಯೋ ಸದಾ ತಗ್ಗಿಸಿಟ್ಟಾಗ ಶತ್ರು. ಹೆದ್ದಾರಿಯ ದೊಡ್ಡ ಲಾರಿಗಳಲ್ಲಿ ಬರಿದಾಗಿದ್ದಾಗ ಒಂದು ಅಚ್ಚನ್ನು ಗಾಲಿಗಳ ಸಮೇತ ನೆಲದಿಂದ ಮೇಲಕ್ಕೆತ್ತಿಕೊಂಡು ಓಡುವುದನ್ನು ಹಲವರು ನೋಡಿರಬಹುದು. ಅದೂ ಗಾಳಿಯ ಬಲದಿಂದ ನಡೆಯುವ ಕೆಲಸವೇ, ಟೈರನ್ನು ಉಳಿಸುವ ಉಪಾಯವೇ. ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು ಎಂಬ ವಿವೇಕ ಲಾರಿಯ ಚಾಲಕನಿಗಿದೆ. ಕಾರಿನ ಒಡೆಯನಿಗೂ ಅಷ್ಟು ಬೇಕು.

ಈ ಸೀಮೆಯ ರಸ್ತೆಗಳು ಆ ವಿವೇಕವನ್ನು ಚೆನ್ನಾಗಿ ಕಲಿಸುತ್ತವೆ. ಹೊಸಪೇಟೆಯಿಂದ ಇಳಕಲ್, ಹುನಗುಂದಗಳ ಮೇಲೆ ವಿಜಯಪುರದ ಕಡೆಗೆ ಹೋಗುವ ನಾಲ್ಕು ಸಾಲಿನ ಹೆದ್ದಾರಿಯಲ್ಲಿ ಕಾರು ತಾನಾಗಿ ಒಂದೆರಡು ಸೆಂಟಿಮೀಟರ್ ಇಳಿದು ಓಡಿದರೆ ಆಕ್ಷೇಪವಿಲ್ಲ. ಆ ಅಲ್ಪ ಇಳಿತವನ್ನು ತಯಾರಕರೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಹೆದ್ದಾರಿಯನ್ನು ಬಿಟ್ಟು ಹುನಗುಂದದಿಂದ ಅಮೀನಗಡದ ಮೇಲೆ ಬಾಗಲಕೋಟೆಗೋ, ಐಹೊಳೆ ಪಟ್ಟದಕಲ್ಲುಗಳ ಮೇಲೆ ಬಾದಾಮಿಗೋ ತಿರುಗಿದಾಗ ಸಂಗತಿ ಬೇರೆ. ಎರೆ ಮಣ್ಣು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗಿ ಬಿರಿಯುವ ಸ್ವಭಾವದ್ದು. ಅದರ ಮೇಲೆ ಹಾಸಿದ ರಸ್ತೆ ಅಲೆಯಲೆಯಾಗುವುದು ಸಹಜ. ಅಲ್ಲಿ ತಗ್ಗಿಸಿದ ಕಾರು ಪ್ರತಿ ಅಲೆಗೂ ಇನ್ನಷ್ಟು ಕುಸಿಯುತ್ತದೆ, ಗಾಲಿ ಇನ್ನಷ್ಟು ವಾಲುತ್ತದೆ, ಊರ ಬಾಗಿಲಿನ ಉಬ್ಬಿಗೆ ಹೊಟ್ಟೆ ತಾಗುತ್ತದೆ. ಆ ಹೊಟ್ಟೆಯಲ್ಲಿಯೇ ಬ್ಯಾಟರಿಯಿದೆ ಎಂಬುದನ್ನು ಮರೆಯತಕ್ಕದ್ದಲ್ಲ. ಇಂಥ ಕಡೆ ಕಾರನ್ನು ಏರಿಸಿಕೊಳ್ಳುವುದು ಸರಿ. ಆದರೆ ಏರಿಸಿದ ಎತ್ತರವೂ ದಿನನಿತ್ಯದ್ದಲ್ಲ. ಅಲ್ಲಿಯೂ ಗಾಲಿಯ ಓರೆ ಬದಲಾಗುತ್ತದೆ, ಬೇರೆ ದಿಕ್ಕಿಗೆ ಅಷ್ಟೆ. ಉಬ್ಬು ದಾಟಿದ ಮೇಲೆ ಸಾಮಾನ್ಯ ಎತ್ತರಕ್ಕೆ ಮರಳುವುದೇ ಲೇಸು.

ಎತ್ತರ ಬದಲಿಸುವ ಗುಂಡಿಯಿಲ್ಲದ ಕಾರಿನವರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುಗಿಸಬಾರದು. ಮಧ್ಯಮ ವರ್ಗದ ಮನೆಗಳಿಗೆ ಬರುವ ವಿದ್ಯುತ್ ಕಾರುಗಳಲ್ಲಿ ಹೆಚ್ಚಿನವು ಉಕ್ಕಿನ ಸ್ಪ್ರಿಂಗಿನವೇ. ಇಂಥ ಹಲವು ಕಾರುಗಳಲ್ಲಿ ಹಿಂದಿನ ಎರಡು ಗಾಲಿಗಳನ್ನು ಒಂದು ಅಡ್ಡತೊಲೆ ಬಂಧಿಸಿರುವುದರಿಂದ ಹಿಂಗಾಲಿಗಳ ನಿಲುವು ಅಷ್ಟಾಗಿ ಬದಲಾಗದು, ಮುಂಗಾಲಿಗಳದು ಬದಲಾಗುತ್ತದೆ. ಕಾರು ಚೆಂದ ಕಾಣಲೆಂದು ಗಿಡ್ಡ ಸ್ಪ್ರಿಂಗು ಹಾಕಿಸುವ ತರುಣರೂ, ಉಬ್ಬುಗಳಿಗೆ ತಾಗದಿರಲೆಂದು ಸ್ಪ್ರಿಂಗಿನ ಕೆಳಗೆ ರಬ್ಬರಿನ ತುಂಡನ್ನು ಸೇರಿಸುವ ಹಿರಿಯರೂ ತಮಗರಿವಿಲ್ಲದಂತೆಯೇ ಎತ್ತರವನ್ನು ಶಾಶ್ವತವಾಗಿ ಬದಲಿಸಿದವರು. ಹಾಗೆ ಬದಲಿಸಿದ ಮೇಲೆ ಗಾಲಿಗಳ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಉಳಿಯದು.

ಮಾಡಬೇಕಾದುದು ಬಹಳವೇನಿಲ್ಲ. ಕಾರನ್ನು ಸಾಮಾನ್ಯ ಎತ್ತರದಲ್ಲಿ ಓಡಿಸುವುದು ಮೊದಲನೆಯದು. ಅಲೈನ್‌ಮೆಂಟ್ ಮಾಡಿಸುವಾಗ ಕಾರು ದಿನವೂ ಓಡುವ ಎತ್ತರದಲ್ಲಿಯೇ ನಿಂತಿರುವಂತೆ ನೋಡಿಕೊಳ್ಳುವುದು ಎರಡನೆಯದು. ಒಂದು ಎತ್ತರದಲ್ಲಿ ಅಳೆದು ಇನ್ನೊಂದರಲ್ಲಿ ಓಡಿಸಿದರೆ ಅಳತೆಗೆ ಅರ್ಥವಿಲ್ಲ. ಟೈರು ತಣ್ಣಗಿರುವಾಗ ಗಾಳಿಯ ಒತ್ತಡವನ್ನು ನೋಡುವುದು ಮೂರನೆಯದು. ಗಾಳಿಯ ಸ್ಪ್ರಿಂಗಿನ ಕಾರಿಗೆ ಜಾಕ್ ಕೊಡುವ ಮುನ್ನ, ಎತ್ತರವನ್ನು ತಾನಾಗಿ ಸರಿಪಡಿಸಿಕೊಳ್ಳುವ ಅದರ ವ್ಯವಸ್ಥೆಯನ್ನು ನಿಲ್ಲಿಸಬೇಕು. ಜಾಕನ್ನು ಗುರುತು ಮಾಡಿದ ಸ್ಥಳದಲ್ಲಿಯೇ ಕೊಡಬೇಕು, ಬ್ಯಾಟರಿಯ ಕೆಳಗಲ್ಲ. ಪಂಕ್ಚರ್ ಅಂಗಡಿಯವನಿಗೆ ಇದನ್ನು ಹೇಳುವುದು ಒಡೆಯನ ಕರ್ತವ್ಯ.

ಇವೆಲ್ಲಕ್ಕಿಂತ ಮುಖ್ಯವಾದುದು, ಹದಿನೈದು ದಿನಗಳಿಗೊಮ್ಮೆ ಸ್ಟಿಯರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಕಾರನ್ನು ಆರಿಸಿ, ಮುಂದಿನ ಟೈರಿನ ಒಳ ಅಂಚನ್ನು ಕಣ್ಣಾರೆ ನೋಡುವುದು. ಹಿಂದಿನ ಟೈರಿಗೆ ಬಗ್ಗಿ, ಕೈದೀಪ ಹಿಡಿದು ನೋಡಬೇಕಾದೀತು. ಕಾರಿನ ಟೈರಿನ ತೋಡು 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂಬುದು ನಮ್ಮ ದೇಶದ ಮೋಟಾರು ವಾಹನ ನಿಯಮ. ತೋಡಿನ ತಳದಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ಅಡ್ಡಗಟ್ಟುಗಳು ಅದೇ ಎತ್ತರದವು. ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಆ ಟೈರಿನ ಕಾಲ ಮುಗಿದಂತೆ. ಹೊರ ಅಂಚಿನಲ್ಲಿ ತೋಡು ಎಷ್ಟೇ ಆಳವಾಗಿದ್ದರೂ ಒಳ ಅಂಚು ಆ ಮಟ್ಟಕ್ಕೆ ಬಂದಿದ್ದರೆ ಟೈರು ಮುಗಿಯಿತೆಂದೇ ತಿಳಿಯಬೇಕು. ಒಳ ಅಂಚು ಬೇಗ ಸವೆಯುತ್ತಿದೆಯೆಂದು ಕಂಡ ದಿನವೇ ಅಲೈನ್‌ಮೆಂಟ್ ಮಾಡಿಸಿದರೆ ಉಳಿದ ರಬ್ಬರಾದರೂ ಕೆಲಸಕ್ಕೆ ಬಂದೀತು.

ವಿದ್ಯುತ್ ಕಾರು ಪೆಟ್ರೋಲಿನ ಖರ್ಚನ್ನು ಉಳಿಸುತ್ತದೆಂದು ಮನೆಯ ಲೆಕ್ಕದ ಪುಸ್ತಕದಲ್ಲಿ ಸಂತೋಷದಿಂದ ಬರೆದುಕೊಳ್ಳುವವರು, ಎದುರು ಪುಟದಲ್ಲಿ ಟೈರಿನ ಸಾಲನ್ನೂ ಬರೆಯಬೇಕಾಗುತ್ತದೆ. ಆ ಸಾಲು ಎಷ್ಟು ಉದ್ದವಾಗಬೇಕೆಂಬುದು ಬಹುಮಟ್ಟಿಗೆ ಅವರ ಕೈಯಲ್ಲಿಯೇ ಇದೆ. ಗುಂಡಿಯೊತ್ತಿ ಕಾರನ್ನು ಇಳಿಸಲು ಒಂದು ಬೆರಳು ಸಾಕು. ಅದರ ಪರಿಣಾಮವನ್ನು ನೋಡಲು ಮಾತ್ರ ನೆಲಕ್ಕೆ ಮಂಡಿಯೂರಬೇಕು. ದೂರದ ಪ್ರಯಾಣಕ್ಕೆ ಹೊರಡುವ ಸಂಸಾರಸ್ಥನು ಅಷ್ಟು ಶ್ರಮವನ್ನು ತೆಗೆದುಕೊಂಡರೆ ಹಿಂದಿನ ಆಸನದಲ್ಲಿ ಕುಳಿತವರು ನಿಶ್ಚಿಂತೆಯಿಂದ ನಿದ್ರಿಸಬಹುದು.