ಹಾವಿಗೆ ರ‍್ಯಾಕ್ ಬೇಡ, ಜೋಳದ ಚೀಲಕ್ಕೆ ಇರಲಿ

ಇತ್ತೀಚೆಗೆ ನಮ್ಮ ಕಾಲೇಜಿನ ಕೆಲವು ಗೆಳೆಯರ ಮೊಬೈಲ್‌ನಲ್ಲಿ ಹಾವು ಸಾಕುವವರ ವಿಡಿಯೊಗಳೇ ಓಡುತ್ತಿವೆ. ವಿದೇಶದವರು ಕಪಾಟಿನಂಥ ರ‍್ಯಾಕ್ ಮಾಡಿ, ಅದರಲ್ಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ಡ್ರಾವರಿನ ಹಾಗೆ ಜೋಡಿಸಿ, ಒಂದೊಂದರಲ್ಲಿ ಒಂದೊಂದು ಹಾವು ಇಡುತ್ತಾರೆ. "ಇದನ್ನು ನಾವು ಇನ್ನೂ ಕಡಿಮೆ ಖರ್ಚಿನಲ್ಲಿ ಮಾಡಬಹುದು" ಎಂಬ ಮಾತೂ ಕೇಳಿಬರುತ್ತಿದೆ. ನಾನು ವಾಣಿಜ್ಯ ವಿದ್ಯಾರ್ಥಿ. ಹಾಗಾಗಿ ಮೊದಲು ಲೆಕ್ಕ ಹಾಕಿ ನೋಡಿದೆ.

ರ‍್ಯಾಕ್ ನಿಜಕ್ಕೂ ಅಗ್ಗ. ಕಬ್ಬಿಣದ ಆ್ಯಂಗಲ್, ಪ್ಲೈವುಡ್, ಡಬ್ಬಿ ಎಲ್ಲವೂ ಬೈಲಹೊಂಗಲದ ಪೇಟೆಯಲ್ಲೇ ಸಿಗುತ್ತವೆ. ಡಬ್ಬಿಗೆ ಗಾಳಿ ಆಡಲು ತೂತು ಕೊರೆಯಬೇಕು, ಹಿಂಬದಿಗೆ ಶಾಖ ಕೊಡುವ ಪಟ್ಟಿ ಅಂಟಿಸಬೇಕು, ಅದಕ್ಕೆ ಥರ್ಮೋಸ್ಟಾಟ್ ಹಚ್ಚಬೇಕು. ಕೈಯಲ್ಲಿ ಕೆಲಸ ಗೊತ್ತಿದ್ದವರಿಗೆ ಇದು ಕಷ್ಟವಲ್ಲ.

ಆದರೆ ನಮ್ಮ ಪಾಠದಲ್ಲಿ ಬಂಡವಾಳ ವೆಚ್ಚ ಬೇರೆ, ಆದಾಯ ವೆಚ್ಚ ಬೇರೆ. ರ‍್ಯಾಕ್ ಒಮ್ಮೆ ಮಾಡುವ ಖರ್ಚು. ಹಾವು ವರ್ಷಗಟ್ಟಲೆ ನಡೆಯುವ ಖರ್ಚು. ವಿಡಿಯೊಗಳಲ್ಲಿ ಕಾಣುವ ಬಾಲ್ ಪೈಥಾನ್ 20 ವರ್ಷಕ್ಕಿಂತ ಹೆಚ್ಚು ಬದುಕಬಲ್ಲದು. ಇಂದು ದ್ವಿತೀಯ ಪಿಯುಸಿಯಲ್ಲಿರುವವರು ನಾಳೆ ಡಿಗ್ರಿಗೆ ಧಾರವಾಡಕ್ಕೋ ಬೆಳಗಾವಿಗೋ ಹೋದರೆ ಅದಕ್ಕೆ ಇಲಿ ಹಾಕುವವರು ಯಾರು? ಅಮ್ಮಂದಿರೇ? ಶಾಖದ ಪಟ್ಟಿ ಚಳಿ ದೇಶದ ಏರ್ಪಾಡು. ಸವದತ್ತಿ, ರಾಮದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಪ್ಲಾಸ್ಟಿಕ್ ಡಬ್ಬಿಯನ್ನು ತಂಪಾಗಿಡುವುದೇ ದೊಡ್ಡ ಸಮಸ್ಯೆ. ಕರೆಂಟ್ ಹೋದರಂತೂ ಕೇಳುವುದೇ ಬೇಡ. ನಮ್ಮ ಪಶು ಆಸ್ಪತ್ರೆಗಳಿಗೆ ಬರುವುದು ಎಮ್ಮೆ, ಎತ್ತು, ಆಡು.

ಇನ್ನು ಕಾನೂನು. ನಾಗರಹಾವು, ಕೊಳಕುಮಂಡಲ, ಕೇರೆಹಾವುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹಿಡಿದು ಮನೆಯಲ್ಲಿಟ್ಟುಕೊಂಡರೆ 3ರಿಂದ 7 ವರ್ಷ ಜೈಲು ಆಗಬಹುದು. ಬಾಲ್ ಪೈಥಾನ್‌ನಂಥ ವಿದೇಶಿ ಹಾವನ್ನೂ ಸುಮ್ಮನೆ ತಂದಿಟ್ಟುಕೊಳ್ಳುವಂತಿಲ್ಲ. 2024ರ ನಿಯಮಗಳ ಪ್ರಕಾರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಹಾವನ್ನು ಡಬ್ಬಿಯಲ್ಲಿಡುವ ಹುಚ್ಚು ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ. 'ಎರಡು ತಲೆ ಹಾವು' ಮನೆಯಲ್ಲಿದ್ದರೆ ದುಡ್ಡು ಬರುತ್ತದೆ ಎಂದು ನಂಬಿಸಿ, ಮಣ್ಣುಮುಕ್ಕ ಹಾವನ್ನು ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಅದಕ್ಕೆ ಎರಡು ತಲೆ ಇಲ್ಲ, ಬಾಲವೇ ಮೊಂಡಾಗಿ ತಲೆಯಂತೆ ಕಾಣುತ್ತದೆ.

ನಮ್ಮ ದೀನಿಯಾತ್ ತರಗತಿಯಲ್ಲಿ ಎಲ್ಲರೂ ಕೇಳಿದ ಹದೀಸ್ ಒಂದಿದೆ. ಬೆಕ್ಕನ್ನು ಕಟ್ಟಿಹಾಕಿ, ಅದಕ್ಕೆ ತಾನೂ ಉಣಿಸದೆ, ಹೊರಗೆ ಹೋಗಿ ತಿನ್ನಲೂ ಬಿಡದ ಹೆಂಗಸು ಶಿಕ್ಷೆಗೆ ಗುರಿಯಾದಳು. ಒಂದು ಜೀವವನ್ನು ಕೂಡಿಹಾಕಿದ ಕ್ಷಣದಿಂದ ಅದರ ಹಸಿವು, ಬಾಯಾರಿಕೆ ನಮ್ಮ ತಲೆಯ ಮೇಲೆ ಬರುತ್ತದೆ. ಆ ಮಾತು ಬೆಕ್ಕಿಗಷ್ಟೇ ಅನ್ವಯಿಸುತ್ತದೆ ಎಂದು ನನಗೆ ಅನಿಸುವುದಿಲ್ಲ.

ಹಾಗಾದರೆ ಹಾವನ್ನು ಯಾರೂ ಇಟ್ಟುಕೊಳ್ಳಬಾರದೇ? ಚೆನ್ನೈ ಹತ್ತಿರ ಇರುಳ ಸಮುದಾಯದವರ ಸಹಕಾರ ಸಂಘವೊಂದಿದೆ, 1978ರಲ್ಲಿ ಶುರುವಾದದ್ದು. ಅರಣ್ಯ ಇಲಾಖೆಯ ಅನುಮತಿಯಿಂದ ಹಾವು ಹಿಡಿದು, ಮಣ್ಣಿನ ಗಡಿಗೆಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಗಡಿಗೆ ಅಗ್ಗ, ತಂಪು, ಒಳಗೆ ಕತ್ತಲು. ಕೆಲವು ವಾರ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಹಾವಿನ ವಿಷದ ಮದ್ದು ತಯಾರಾಗುವುದು ಇಂಥ ವಿಷದಿಂದಲೇ. ಅಲ್ಲಿ ಹಾವು ಇಡಲು ಒಂದು ಕಾರಣವಿದೆ, ಬಿಡಲು ಒಂದು ದಿನವಿದೆ. ಡ್ರಾವರಿನ ಹಾವಿಗೆ ಇವೆರಡೂ ಇಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹಾವು ನೋಡಲು ರ‍್ಯಾಕ್ ಕಟ್ಟಬೇಕಾಗಿಲ್ಲ. ಕಿತ್ತೂರಿನ ಕಬ್ಬಿನ ಗದ್ದೆ, ಮಲಪ್ರಭಾ ದಂಡೆ, ಮನೆಯ ಕಟ್ಟಿಗೆ ರಾಶಿ, ಎಲ್ಲೆಡೆ ಅವು ಇವೆ. ರಾತ್ರಿ ಹೆಸರು ಹೇಳಲೂ ಅಂಜಿ 'ಹುಳ' ಎನ್ನುತ್ತೇವೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದೂ ಇದಕ್ಕೇ.

ಹಾವು ಮನೆಗೆ ಬರುವುದು ಇಲಿ ಹುಡುಕಿಕೊಂಡು. ಇಲಿ ಬರುವುದು ನೆಲದ ಮೇಲಿಟ್ಟ ಜೋಳ, ಗೋಧಿ ಚೀಲಗಳಿಗೆ. ಆದ್ದರಿಂದ ಅದೇ ಆ್ಯಂಗಲ್, ಅದೇ ಪ್ಲೈವುಡ್ ತಂದು ಚೀಲಗಳಿಗೆ ರ‍್ಯಾಕ್ ಮಾಡೋಣ. ಕಸಬರಿಗೆ ಸಲೀಸಾಗಿ ಆಡುವಷ್ಟು ನೆಲದಿಂದ ಎತ್ತರ, ಗೋಡೆಯಿಂದ ಒಂದು ಗೇಣು ದೂರ. ಕಟ್ಟಿಗೆ, ಹತ್ತಿಕಟ್ಟಿಗೆ ಮನೆ ಗೋಡೆಗೆ ಒತ್ತಿರದಿರಲಿ. ಕಟ್ಟುಹಾವು ಕಡಿಯುವುದು ಹೆಚ್ಚಾಗಿ ರಾತ್ರಿ ನೆಲದ ಮೇಲೆ ಮಲಗಿದವರನ್ನು. ಮಂಚ, ಸೊಳ್ಳೆಪರದೆ, ಒಂದು ಟಾರ್ಚ್ ಇದ್ದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಕಡಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಮಂತ್ರ, ತಾವೀಜ್ ಎಂದು ಹೊತ್ತು ಕಳೆಯಬಾರದು. ಅಲುಗಾಡಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಗುರುಗಳಲ್ಲಿ ಒಂದು ವಿನಂತಿ. ಈ ವರ್ಷದ ಎನ್.ಎಸ್.ಎಸ್. ಶಿಬಿರ ನಡೆಯುವ ಹಳ್ಳಿಯಲ್ಲಿ ಕನಿಷ್ಠ ಹತ್ತು ಮನೆಗೆ ಇಂಥ ರ‍್ಯಾಕ್ ಮಾಡಿಕೊಡೋಣ. ವಿಜ್ಞಾನದವರು ಹಾವುಗಳ ಬಗ್ಗೆ ತಿಳಿಸಲಿ, ಕಲಾ ವಿಭಾಗದವರು ಮನೆಮನೆಗೆ ಹೋಗಿ ಮಾತಾಡಲಿ. ಖರ್ಚಿನ ಲೆಕ್ಕ ವಾಣಿಜ್ಯದವರು ಬರೆಯುತ್ತೇವೆ, ಪೈಸೆ ಪೈಸೆ ಕೂಡುವ ಹಾಗೆ.