ಪಿಂಗಾಣಿ ಕವಚದ ಕೈಗಡಿಯಾರ

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಕಳಸಗಳ ಕಡೆ ತೇವ ತಾಗದ ವಸ್ತುವೇ ಇಲ್ಲ. ಪೆಟ್ಟಿಗೆಯೊಳಗಿನ ರೇಷ್ಮೆಸೀರೆಗೂ ಬೂಷ್ಟು, ಗೋಡೆಯ ಮೇಲಿನ ಪಟಕ್ಕೂ ಬೂಷ್ಟು. ಹೀಗಿರುವಾಗ ದಿನವಿಡೀ ಮಳೆಕೋಟಿನ ತೋಳಿನೊಳಗೆ ಬೆವರಿ, ಹೊರಗೆ ನೆನೆದು, ತೋಟ ಸುತ್ತುವ ಕೈಗಡಿಯಾರದ ಪಾಡನ್ನು ಕೇಳುವವರು ಯಾರು?

ಮೂಡಿಗೆರೆಯ ಸಮೀಪದ ಕಾಫಿ ತೋಟವೊಂದರ ರೈಟರು ಮೂವತ್ತು ವರ್ಷಗಳ ಕಾಲ ಒಂದೇ ಎಚ್.ಎಂ.ಟಿ. ಗಡಿಯಾರವನ್ನು ಕಟ್ಟಿದರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ಗಡಿಯಾರಗಳಲ್ಲಿ ಅನೇಕಕ್ಕೆ ಹಿತ್ತಾಳೆಯ ಕೇಸು, ಅದರ ಮೇಲೆ ಕ್ರೋಮಿಯಂ ಲೇಪ, ಹಿಂಬದಿಗೆ ಮಾತ್ರ ಉಕ್ಕಿನ ಮುಚ್ಚಳ. ಲೇಪದ ಸಣ್ಣ ಬಿರುಕಿನಲ್ಲಿ ಬೆವರಿನ ಉಪ್ಪು ಇಳಿದರೆ ಸಾಕು. ಪಟ್ಟಿ ಕಟ್ಟುವ ಕೊಂಬುಗಳ ಬಳಿ ಅದು ಎದ್ದು ಹೋಗಿ ಒಳಗಿನ ಹಿತ್ತಾಳೆ ಹಸಿರುಗಟ್ಟುತ್ತದೆ. ರೈಟರ ಗಡಿಯಾರಕ್ಕೂ ಅದೇ ಗತಿಯಾಯಿತು. ಆದರೂ ಅದನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ಆ ಗಡಿಯಾರ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ದಿನ ಅವರು ಒಂದು ಹೊತ್ತಿನ ಊಟ ಬಿಟ್ಟರೆಂದು ಮನೆಯವರು ಈಗಲೂ ನಗುತ್ತಾರೆ.

ಬೆಂಗಳೂರಿನಲ್ಲಿರುವ ಮಗ ಒಂದು ದೀಪಾವಳಿಗೆ ಕಪ್ಪು ಸೆರಾಮಿಕ್ ಕೇಸಿನ ಬ್ಯಾಟರಿ ಗಡಿಯಾರವನ್ನು ತಂದುಕೊಟ್ಟನು.

“ಅಪ್ಪಯ್ಯ, ಇದಕ್ಕೆ ತುಕ್ಕು ಹಿಡಿಯುವ ಭಯವಿಲ್ಲ. ಗೀರೂ ಬೀಳುವುದಿಲ್ಲ.”

“ಪಿಂಗಾಣಿಯೇನೋ ಇದು? ಹಾಗಾದರೆ ನಿನ್ನ ಅಮ್ಮನ ಉಪ್ಪಿನಕಾಯಿ ಜಾಡಿಯ ಜಾತಿ!” ಎಂದರು ರೈಟರು.

ಜಾತಿ ಒಂದೇ ಆದರೂ ಕುಲ ಬೇರೆ. ಗಡಿಯಾರದ ಸೆರಾಮಿಕ್ ಜೇಡಿಮಣ್ಣಿನದಲ್ಲ, ಜಿರ್ಕೋನಿಯಂ ಆಕ್ಸೈಡಿನದು. ಅದರ ಮೂಲವಾದ ಜಿರ್ಕಾನ್ ಖನಿಜ ಕೇರಳದ ಚವರದ ಕಡಲ ಮರಳಿನಲ್ಲಿಯೂ ದೊರೆಯುತ್ತದೆ. ನುಣುಪಾದ ಪುಡಿಗೆ ಸ್ವಲ್ಪ ಇಟ್ರಿಯಂ ಆಕ್ಸೈಡನ್ನು ಬೆರೆಸಿ, ಅಚ್ಚಿನಲ್ಲಿ ಒತ್ತಿ, 1400 ಡಿಗ್ರಿಗೂ ಮೀರಿದ ಶಾಖದಲ್ಲಿ ಸುಡುತ್ತಾರೆ. ಸುಟ್ಟಾಗ ಅದು ಅಳತೆಯಲ್ಲಿ ಸುಮಾರು ಐದನೇ ಒಂದು ಭಾಗ ಕುಗ್ಗುವುದರಿಂದ ಅಚ್ಚನ್ನು ಮೊದಲೇ ಅಷ್ಟು ದೊಡ್ಡದಾಗಿ ಮಾಡಬೇಕು. ಆಮೇಲೆ ಅದನ್ನು ಉಜ್ಜಲು ವಜ್ರದ ಹುಡಿಯೇ ಬೇಕು. ಸ್ವಿಟ್ಸರ್ಲೆಂಡಿನ ಐ.ಡಬ್ಲ್ಯು.ಸಿ. ಮತ್ತು ರಾಡೋ ಕಂಪೆನಿಗಳು 1986ರಲ್ಲಿ ಇಂಥ ಗಡಿಯಾರಗಳನ್ನು ತಂದವು. ಹೊಸೂರಿನಲ್ಲಿ ಕಾರ್ಖಾನೆಯಿರುವ ಟೈಟಾನ್ ಕೂಡ ತನ್ನ ‘ಎಡ್ಜ್’ ಸಾಲಿನಲ್ಲಿ ಒಂದನ್ನು ತಂದಿತು.

ವಿಕರ್ಸ್ ಅಳತೆಯಲ್ಲಿ ಗಡಿಯಾರದ ಉಕ್ಕಿನ ಗಡಸುತನ ಸುಮಾರು 200 ಆದರೆ ಇದರದು ಸುಮಾರು 1200. ತೋಟದ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಹುಡಿ ಉಕ್ಕನ್ನು ಗೀರುತ್ತದೆ, ಇದನ್ನು ಸುಲಭವಾಗಿ ಗೀರಲಾರದು. ಕಬ್ಬಿಣದ ಗೇಟಿಗೆ ಉಜ್ಜಿ ಬೂದುಗೆರೆ ಬಿದ್ದರೆ ಅದು ಹಲವು ಬಾರಿ ಗೀರಲ್ಲ, ಕಬ್ಬಿಣವೇ ಅಂಟಿಕೊಂಡಿರುವುದು. ಪೆನ್ಸಿಲಿನ ರಬ್ಬರಿನಿಂದ ತಿಕ್ಕಿದರೆ ಹೋದೀತು. ಬೆವರು ಇದನ್ನು ತಿನ್ನುವುದಿಲ್ಲ. ಜನವರಿಯ ಚಳಿಯಲ್ಲಿ ಉಕ್ಕಿನಂತೆ ಕೈಯನ್ನು ಕೊರೆಯುವುದೂ ಇಲ್ಲ. ರೈಟರು ಎರಡು ಮಳೆಗಾಲ ಮಗನನ್ನು ಹೊಗಳಿಕೊಂಡೇ ತಿರುಗಿದರು.

ಮೂರನೆಯ ಮಳೆಗಾಲದಲ್ಲಿ ಗಾಜಿನೊಳಗೆ ಮಂಜು ಕವಿಯಿತು.

ಮನೆಯಾಕೆ ಗಡಿಯಾರವನ್ನು ಅಕ್ಕಿಡಬ್ಬಿಯಲ್ಲಿ ಹುಗಿದಿಟ್ಟರು. ಎರಡು ದಿನದಲ್ಲಿ ಮಂಜು ಕರಗಿತು, ಮತ್ತೆ ಬಂದಿತು. (ಅಕ್ಕಿ ಮಂಜನ್ನು ಹೀರಬಹುದು, ಒಳಗಿನ ಉಕ್ಕಿನ ತಿರುಪಿಗೆ ಹಿಡಿಯಲಾರಂಭಿಸಿದ ತುಕ್ಕನ್ನು ಹೀರುವುದಿಲ್ಲ.) ಚಿಕ್ಕಮಗಳೂರಿನ ರಿಪೇರಿಯವರು ಹಿಂಬದಿಯನ್ನು ಬಿಚ್ಚಿ, ಕೂದಲಿನಷ್ಟು ಸಣ್ಣ ರಬ್ಬರ್ ಬಳೆಯೊಂದನ್ನು ಚಿಮಟದಲ್ಲಿ ಎತ್ತಿ ತೋರಿಸಿದರು.

“ರೈಟರೇ, ಹೋದ ವರ್ಷ ಬ್ಯಾಟರಿ ಎಲ್ಲಿ ಹಾಕಿಸಿದಿರಿ? ಹಳೆಯ ಗ್ಯಾಸ್ಕೆಟ್ಟನ್ನೇ ಕೂರಿಸಿಬಿಟ್ಟಿದ್ದಾರೆ. ಕೇಸು ನೂರು ವರ್ಷ ಬಾಳಲಿ, ನೀರು ನುಗ್ಗುವುದು ಇಲ್ಲಿ.”

ಬ್ಯಾಟರಿ ಬದಲಿಸಿದಾಗಲೆಲ್ಲ ಈ ಬಳೆಯನ್ನೂ ಬದಲಿಸಿ, ಒತ್ತಡದ ಪರೀಕ್ಷೆ ಮಾಡಿಸಬೇಕು. ಮುಳ್ಳು ತಿರುಗಿಸುವ ತಿರುಪಿನ ಬಳಿಯೂ ಅಂಥದೊಂದು ಬಳೆಯಿದೆ. ‘30 ಮೀಟರ್’ ಎಂದು ಬರೆದಿದೆಯೆಂದು ಭದ್ರೆಯಲ್ಲಿ ಮುಳುಗುವುದಾಗಲಿ, ಬಚ್ಚಲುಮನೆಯ ಹಂಡೆಯ ಹಬೆಯಲ್ಲಿ ನಿಲ್ಲುವುದಾಗಲಿ ಕೂಡದು. ಅದು ಮಳೆಹನಿಗೆ ಸಾಲುವ ಭರವಸೆಯಷ್ಟೆ. ಹಿಂಬದಿಯ ತಿರುಪುಗಳನ್ನು ಬಿಗಿಯುವ ಕೈಯೂ ಹಗುರವಾಗಿರಬೇಕು, ಸೆರಾಮಿಕ್ಕಿಗೆ ಮಣಿದು ಗೊತ್ತಿಲ್ಲ.

ಅದು ಗೊತ್ತಾದದ್ದು ಆ ವರ್ಷದ ಕೊಯ್ಲಿನಲ್ಲಿ. ಕೈ ತೊಳೆಯಲು ಬಿಚ್ಚಿದ ಗಡಿಯಾರ ಜಾರಿ ಕಾಫಿ ಒಣಗಿಸುವ ಕಣದ ಸಿಮೆಂಟಿನ ಮೇಲೆ ಬಿದ್ದಿತು. ಹಿತ್ತಾಳೆಯಾಗಿದ್ದರೆ ನೆಗ್ಗುತ್ತಿತ್ತು, ಉಕ್ಕಾಗಿದ್ದರೆ ಗೀರಾಗುತ್ತಿತ್ತು. ಇದರ ಒಂದು ಕೊಂಬು ಬಳೆಚೂರಿನಂತೆ ಮುರಿದು ಹಾರಿತು. ಒಳಗೆ ಮುಳ್ಳು ನಡೆಯುತ್ತಲೇ ಇತ್ತು, ಕಟ್ಟಲು ಮಾತ್ರ ಆಸರೆಯಿಲ್ಲ. ಬೆಸುಗೆ ಹಾಕುವಂತಿಲ್ಲ, ಅಂಟು ನಿಲ್ಲುವುದಿಲ್ಲ, ಅರವಿಗೆ ಬಗ್ಗುವುದಿಲ್ಲ. ಕಂಪೆನಿಯಿಂದ ಇಡೀ ಕೇಸನ್ನೇ ತರಿಸಬೇಕು. ಕೊಳ್ಳುವ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಇದು: ಬದಲಿ ಕೇಸು ಎಷ್ಟು ವರ್ಷ ಸಿಗುತ್ತದೆ, ಅದರ ಬೆಲೆಯೇನು? ಬೆಲೆ ಕೇಳಿದ ರೈಟರು ಸುಮ್ಮನೆ ಕನ್ನಡಕವನ್ನು ಒರೆಸಿಕೊಂಡರು.

“ಹೊಸದನ್ನೇ ಕೊಡಿಸುತ್ತೇನೆ ಅಪ್ಪಯ್ಯ” ಎಂದು ಮಗ ಫೋನಿನಲ್ಲಿ ಹೇಳಿದನು.

“ಬೇಡ. ನೀನು ಕೊಟ್ಟದ್ದು ಇದು. ಇದಕ್ಕೇ ಕೇಸು ಬರಲಿ.”

ಕೇಸು ಬರುವ ತನಕ ಹಳೆಯ ಎಚ್.ಎಂ.ಟಿ. ಎಣ್ಣೆ ಹಾಕಿಸಿಕೊಂಡು ಮತ್ತೆ ಕೈಯೇರಿತು, ಹಸಿರುಗಟ್ಟಿದ ಕೊಂಬುಗಳ ಸಮೇತ. ಮುಂದಿನ ಬ್ಯಾಟರಿ ಮತ್ತು ಗ್ಯಾಸ್ಕೆಟ್ಟಿನ ತಾರೀಖನ್ನು ರೈಟರು ತೋಟದ ಡೈರಿಯಲ್ಲಿ, ಗೊಬ್ಬರದ ಲೆಕ್ಕದ ಕೆಳಗೆ ಬರೆದಿಟ್ಟಿದ್ದಾರೆ.